ಒದ್ದೆಯಾಗಬಾರದ ವಸ್ತುಗಳು

2019ರ ಆಗಸ್ಟ್. ತುಂಗಭದ್ರಾ ಜಲಾಶಯದಿಂದ ಭಾರೀ ನೀರು ಬಿಟ್ಟು, ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ರಕ್ಷಣೆಗೆ ದೋಣಿಗಳು ಬಂದವು, ಹೆಲಿಕಾಪ್ಟರ್ ಬಂತು. ನಾನು ಆನೆಗೊಂದಿ ಕಡೆಯಿಂದ ವರದಿಗೆ ಹೋಗಿದ್ದೆ. ಗದ್ದೆಗೆ ನುಗ್ಗಿದ ನೀರಲ್ಲಿ ಕಾಲು ಜಾರಿ ಸೊಂಟದ ತನಕ ಮುಳುಗಿದೆ. ಪ್ಯಾಂಟಿನ ಜೇಬಿನಲ್ಲಿದ್ದ ಫೋನ್ ಹೋಯಿತು. ಬೆಳಗಿನಿಂದ ತೆಗೆದ ಫೋಟೊ, ಮಾತಾಡಿಸಿದವರ ಧ್ವನಿ ಎಲ್ಲವೂ ಅದರ ಜೊತೆ ಹೋದವು. ಪಕ್ಕದಲ್ಲಿದ್ದ ವಯಸ್ಸಾದ ಅಂಬಿಗರೊಬ್ಬರು ರುಮಾಲು ಬಿಚ್ಚಿ, ಪ್ಲಾಸ್ಟಿಕ್ ಚೀಟಿನಲ್ಲಿ ಸುತ್ತಿದ್ದ ಬೀಡಿ, ಕಡ್ಡಿಪೆಟ್ಟಿಗೆ ತೆಗೆದು, "ನೀರಿಗೆ ಹೊಂಟ ಮನಶ್ಯಾ ಕಿಸೇದಾಗ ಏನೂ ಇಡಬಾರ್ದ್ರಿ ಸರ, ತಲಿ ಮ್ಯಾಲ ಇಡಬೇಕು" ಅಂದರು. ಕಡ್ಡಿ ಗೀರಿದ ಕೂಡಲೇ ಹೊತ್ತಿಕೊಂಡಿತು.

ಆ ದಿನದಿಂದ ನನಗೊಂದು ಹುಚ್ಚು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಬರದ ಜಿಲ್ಲೆಯಲ್ಲಿ ಜನ ಯಾವುದನ್ನು ಒದ್ದೆಯಾಗದಂತೆ ಕಾಪಾಡಿಕೊಂಡು ಬಂದರು, ಹೇಗೆ ಎಂದು ಹುಡುಕುವುದು.

ಈ ಹುಡುಕಾಟದಲ್ಲಿ ಕೈಗೆ ಸಿಗುವ ಬಹಳ ಹಳೆಯ ಉದಾಹರಣೆಗಳು ಬಂಡೆಗಳಲ್ಲಿವೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದಲ್ಲಿ ಚಿತ್ರ ಬರೆದವರು ಮುಂದಕ್ಕೆ ಚಾಚಿದ ಬಂಡೆಯ ಅಡಿ, ಮಳೆ ಹನಿ ತಾಗದ ಮೈಯನ್ನೇ ಆರಿಸಿಕೊಂಡರು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನ ಕೆತ್ತಿದವರೂ ಅಷ್ಟೇ. ಪಾಲ್ಕಿಗುಂಡಿನಲ್ಲಿ ಎರಡು ಬಂಡೆಗಳ ಮೇಲೆ ಚಪ್ಪಡಿಯೊಂದು ಪಲ್ಲಕ್ಕಿಯ ಚಾವಣಿಯಂತೆ ಕುಳಿತಿದೆ. ಗವಿಮಠದ ಶಾಸನಕ್ಕೂ ಮೇಲೊಂದು ಕಲ್ಲಿನ ಕೊಡೆ ಇದೆ. 1931ರಲ್ಲಿ ಇವು ವಿದ್ವಾಂಸರ ಕಣ್ಣಿಗೆ ಬಿದ್ದಾಗ ಗವಿಮಠದ ಅಕ್ಷರಗಳು ಓದುವ ಸ್ಥಿತಿಯಲ್ಲೇ ಇದ್ದವು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ಕೊಡೆ ಕೆಲಸ ಮಾಡಿದೆ.

ರಾಜರ ಮಾತು ಹಾಗೆ ಉಳಿಯಿತು. ಕುರಿಗಾರನಿಗೆ ಅಂಥ ಕಲ್ಲಿನ ಕೊಡೆ ಎಲ್ಲಿಂದ ಬರಬೇಕು? ಕುಷ್ಟಗಿ, ಯಲಬುರ್ಗಾ ಕಡೆಯ ಕುರುಬರಿಗೆ ಇದ್ದದ್ದು ಕಂಬಳಿ. ಕರಿ ದಖನಿ ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ನೂಲು ತೆಗೆದು, ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ. ಇದೇ ಹುಣಸೆ ಬೀಜದ ಅಂಟು ಕಿನ್ನಾಳದ ಚಿತ್ರಗಾರರ ಮರದ ಗೊಂಬೆಗಳಲ್ಲೂ ಇದೆ. ನಮ್ಮ ಜಿಲ್ಲೆಯ ಅರ್ಧ ಕಸುಬು ಹುಣಸೆ ಬೀಜದ ಮೇಲೆ ನಿಂತಿತ್ತು ಅಂದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಉಣ್ಣೆಯಲ್ಲಿ ಸಹಜವಾಗಿ ಜಿಡ್ಡಿರುತ್ತದೆ, ಹನಿ ಬಿದ್ದರೆ ಉರುಳಿ ಹೋಗುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ತಣ್ಣಗೆ ತಾಗುವುದಿಲ್ಲ. ಕಂಬಳಿಯ ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಹಾಕಿಕೊಂಡರೆ ಕೊಪ್ಪೆಯಾಯಿತು. ಅದರೊಳಗೆ ಕುರಿಗಾರ, ಅವನ ಕಂಕುಳಲ್ಲಿ ಅಂದೇ ಹುಟ್ಟಿದ ಮರಿ, ಸೊಂಟದಲ್ಲಿ ಸಂಚಿ. ಸಂಚಿಯಲ್ಲಿ ಚಕಮಕಿ: ಒಂದು ಬೆಣಚುಕಲ್ಲು, ಒಂದು ಉಕ್ಕಿನ ತುಂಡು, ಕೊಳವೆಯಲ್ಲಿ ಒತ್ತಿ ತುಂಬಿದ ಅರಳೆ. ಕಲ್ಲು, ಉಕ್ಕು ನೆನೆದರೆ ಒರೆಸಿಕೊಳ್ಳಬಹುದು. ಅರಳೆ ನೆನೆಯಿತೋ, ಆ ರಾತ್ರಿ ಬೆಂಕಿಯಿಲ್ಲ. ಬೆಂಕಿಯಿಲ್ಲದ ಹಟ್ಟಿಗೆ ತೋಳ ಬರುವ ಕಾಲ ಅದು. ಯಲಬುರ್ಗಾ ಕಡೆ ತೋಳ ಇವತ್ತಿಗೂ ಇದೆ. ಹಾಗಾಗಿ ಕಂಬಳಿಯ ಕೆಳಗೆ ಸಂಚಿ, ಸಂಚಿಯೊಳಗೆ ಕೊಳವೆ, ಕೊಳವೆಯೊಳಗೆ ಅರಳೆ.

ಹೊಳೆಯ ಮಾತಿಗೆ ಬರೋಣ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ದಾಟುವ ಜಾಗವನ್ನು ಬಣ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿಗಳು, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಗಿರಗಿರ ತಿರುಗುತ್ತಲೇ ಹೋಗುತ್ತವೆ ಎಂದು ಅವನ ವರದಿ. ಇದು ನಮ್ಮ ಹರಿಗೋಲು ಎಂದು ಬೇರೆ ಹೇಳಬೇಕಿಲ್ಲ. 1803ರಲ್ಲಿ ಮರಾಠರ ಮೇಲೆ ಹೊರಟ ಆರ್ಥರ್ ವೆಲ್ಲೆಸ್ಲಿ ಕೂಡ ಹೊಳೆಗಳು ತುಂಬುವ ಮೊದಲೇ ತೊಗಲಿನ ಬುಟ್ಟಿದೋಣಿಗಳನ್ನು ಸಿದ್ಧ ಮಾಡಿಸಿಕೊಂಡ. ಮದ್ದು, ಅಕ್ಕಿಚೀಲ ನೆನೆಯದೆ ಆಚೆ ದಡ ಸೇರದಿದ್ದರೆ ಅವನ ದಂಡು ಅಲ್ಲೇ ನಿಲ್ಲುತ್ತಿತ್ತು.

ತೊಗಲಿನ ಹರಿಗೋಲಿನ ಕಷ್ಟ ಇರುವುದು ದಡದಲ್ಲಿ. ಹೊಳೆಯಲ್ಲಿ ಅದು ಎಷ್ಟು ಗಟ್ಟಿಯೋ, ಒದ್ದೆಯಾಗಿಯೇ ಬಿಟ್ಟರೆ ಅಷ್ಟು ಬೇಗ ಕೊಳೆಯುತ್ತದೆ. ಅದಕ್ಕೇ ಕೆಲಸ ಮುಗಿದ ಕೂಡಲೇ ಬೆನ್ನ ಮೇಲೆ ಹೊತ್ತು ತಂದು, ಬಿಸಿಲಿಗೆ ಬೋರಲು ಹಾಕಬೇಕು. ಈಗ ತೊಗಲು ಹೋಗಿದೆ. ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಡಾಂಬರು ಬಳಿಯುತ್ತಾರೆ. ಬೋರಲು ಹಾಕುವ ಪದ್ಧತಿ ಮಾತ್ರ ಬಿಟ್ಟಿಲ್ಲ. ಮಳೆ ಬಂದರೆ ಅದರಡಿ ನುಸುಳಿ ಕೂರುವವರನ್ನು ಆನೆಗೊಂದಿ ದಡದಲ್ಲಿ ನಾನೇ ನೋಡಿದ್ದೇನೆ.

ಆದರೆ ಈ ಭಾಗದ ಜನ ಎಲ್ಲಕ್ಕಿಂತ ಹೆಚ್ಚು ಬುದ್ಧಿ ಖರ್ಚು ಮಾಡಿದ್ದು ಹಗೇವಿನ ಮೇಲೆ. ಜೋಳವನ್ನು ನೆಲದೊಳಗೆ ಇಡುವುದು, ಅದೂ ನೆನೆಯದಂತೆ! ಊರಲ್ಲಿ ನೀರು ನಿಲ್ಲದ ಎತ್ತರದ, ಗಟ್ಟಿ ನೆಲ ನೋಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಆಗುವಂತೆ ಆಳಕ್ಕೆ ತೋಡುತ್ತಿದ್ದರು. ಸುತ್ತ ಕಣಿಕೆ, ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಏರಿಸಿ ಮೆತ್ತುತ್ತಿದ್ದರು. ಕಾಳು ಒಳಗಿದ್ದ ಪ್ರಾಣವಾಯುವನ್ನು ತಾನೇ ಉಸಿರಾಡಿ ಮುಗಿಸುತ್ತದೆ, ಹುಳು ಸಾಯುತ್ತವೆ. ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಸ್ವಲ್ಪ ಬಣ್ಣ, ವಾಸನೆ ಬದಲಾಗುತ್ತದೆ ಅಷ್ಟೇ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಹಗೇವು ತೆರೆದು ಹೊತ್ತು ಕಳೆದ ಮೇಲೆ, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಅವಸರ ಮಾಡಿದವರು ಮೇಲೆ ಬರಲಿಲ್ಲ ಎಂಬ ಕಥೆ ಎಷ್ಟೋ ಊರಲ್ಲಿ ಕೇಳಸಿಗುತ್ತದೆ.

1876–78ರ ಬರ ಮದ್ರಾಸ್, ಮೈಸೂರು, ಮುಂಬೈ ಪ್ರಾಂತ, ನಿಜಾಮರ ಸೀಮೆ ಎಲ್ಲವನ್ನೂ ಬಡಿಯಿತು. ಆಗ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಜಹಗೀರಿನಲ್ಲಿದ್ದವು. ಅಂಥ ವರ್ಷಗಳಲ್ಲಿ ಹಗೇವು ಇದ್ದ ಮನೆ ಬೇರೆ, ಇಲ್ಲದ ಮನೆ ಬೇರೆ. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಹಳೆಯ ಜ್ಞಾನವನ್ನು ಹೊಗಳುವಾಗ ಈ ಮಾತನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಈಗ ಹಗೇವುಗಳನ್ನು ಮುಚ್ಚಿ ಮನೆ ಕಟ್ಟಿದ್ದಾರೆ, ಸಿಸಿ ರಸ್ತೆ ಹಾಕಿದ್ದಾರೆ.

ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕುವ ರೂಢಿಯೂ ಕಡಿಮೆಯಾಗಿದೆ. ಆ ಮಣ್ಣು ನೆನೆದರೆ ಸಣ್ಣ ಕಣಗಳಾಗಿ ಬಿಡಿಸಿಕೊಂಡು ರಂಧ್ರ ಮುಚ್ಚಿಬಿಡುತ್ತದೆ, ನೀರು ಇಳಿಯುವುದಿಲ್ಲ. ಆದರೂ 2009ರ ಸೆಪ್ಟೆಂಬರ್ ಕೊನೆಗೆ ಶುರುವಾಗಿ ದಿನಗಟ್ಟಲೆ ಸುರಿದ ಮಳೆಗೆ ಉತ್ತರ ಕರ್ನಾಟಕದ ತುಂಬ ಮಣ್ಣಿನ ಮನೆಗಳು ಕುಸಿದವು. ಮನೆ ಬಿದ್ದವರು ಪರಿಹಾರ ಕೇಳಲು ಹೋದಾಗ ಕೇಳಿದ್ದು ಕಾಗದ. ರೇಷನ್ ಕಾರ್ಡು, ಪಹಣಿ, ಪಾಸ್‌ಬುಕ್ಕು ಎಲ್ಲ ಆ ಮಣ್ಣಿನ ಕೆಳಗೇ ಮುದ್ದೆಯಾಗಿದ್ದವು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಟ್ಟರು. ಮಾರನೇ ದಿನ ಹೊಳೆದಂಡೆಯ ಒಂದು ಮನೆಗೆ ಹೋದೆ. ಬಟ್ಟೆ, ಪಾತ್ರೆ ಇನ್ನೂ ಕಟ್ಟಿರಲಿಲ್ಲ. ಆ ಮನೆಯ ತಾಯಿ ಆಧಾರ್, ರೇಷನ್ ಕಾರ್ಡು, ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿ, ದಾರ ಬಿಗಿದು, ಜಂತಿಗೆ ತೂಗಿಹಾಕಿದ್ದರು. ಪಕ್ಕದಲ್ಲೇ ಮಡಚಿದ ಹಳೆಯ ಕರಿ ಕಂಬಳಿ.

"ಯವ್ವಾ, ಕಂಬಳಿ ಯಾಕ?" ಎಂದೆ.

"ಗಂಟು ಹೊತ್ಕೊಂಡು ಓಡೂ ಮುಂದ ಮ್ಯಾಲ ಹೊಚ್ಚಾಕ ಬೇಕಲ್ಲೋ ತಮ್ಮಾ," ಅಂದರು.