ಬೋನಾಳದ ಬಂದೂಕಿನ ಮೂಲಪಾಠ

ಸುರಪುರದ ಇತಿಹಾಸವನ್ನು ಬಂದೂಕಿನ ಮಾತೆತ್ತದೆ ಹೇಳಲು ಬರುವುದಿಲ್ಲ. 1705ರಲ್ಲಿ ಔರಂಗಜೇಬನು ತನ್ನ ಬಾಳಿನ ಕೊನೆಯ ಮುತ್ತಿಗೆಯನ್ನು ಹಾಕಿದ್ದು ನಮ್ಮ ವಾಗಿನಗೇರಾ ಕೋಟೆಗೆ. ಮುಪ್ಪಿನ ಆ ಚಕ್ರವರ್ತಿಯ ದೊಡ್ಡ ದಂಡನ್ನು ಎರಡು ತಿಂಗಳಿಗೂ ಮೇಲ್ಪಟ್ಟು ತಡೆದು ನಿಲ್ಲಿಸಿದವರು ಪಿಡ್ಡನಾಯಕನ ಬೇಡ ಬಂದೂಕುಗಾರರು. ಗುರಿ ತಪ್ಪದ ಕೈಯೆಂದು ದಖನಿನಲ್ಲೆಲ್ಲ ಅವರ ಹೆಸರಿತ್ತು. ಒಂದೂವರೆ ಶತಮಾನ ಕಳೆಯುವಷ್ಟರಲ್ಲಿ ಕಾಲ ತಿರುಗಿತು. 1857ರಲ್ಲಿ ಆಯುಧಗಳನ್ನು ಒಪ್ಪಿಸಿಬಿಡಬೇಕೆಂಬ ಕಂಪನಿ ಸರಕಾರದ ಆಜ್ಞೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರಲ್ಲಿ ಹಲವರು ಗಲ್ಲಿಗೇರಿದರು. ಅವರ ಲಾವಣಿಯನ್ನು ಬರೆದಿಟ್ಟು ಅಚ್ಚು ಮಾಡಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಎಂಬುದು ಇತಿಹಾಸದ ಒಂದು ವಿನೋದ. ಮರುವರ್ಷ, 1858ರಲ್ಲಿ, ಸುರಪುರದ ರಾಜಾ ವೆಂಕಟಪ್ಪ ನಾಯಕನು ಬಂಡಾಯದ ಆರೋಪದ ಮೇಲೆ ಸೆರೆಯಾಗಿ, ಸೆರೆಮನೆಗೆ ಸಾಗುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡು ತಗಲಿ ಪ್ರಾಣ ಬಿಟ್ಟನು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ಇಷ್ಟೂ ಯುದ್ಧದ ಬಂದೂಕಿನ ಕಥೆ. ನಾನು ಹೇಳಹೊರಟಿರುವುದು ಅದರ ತರುವಾಯ ಬಂದ, ಬೇಟೆಗೆಂದೇ ಯುರೋಪಿನಲ್ಲಿ ತಯಾರಾದ ಬಂದೂಕಿನ ವಿಚಾರ. ಬಂದೂಕು ಹುಟ್ಟುಗುಣದಂತಿದ್ದ ಈ ಸೀಮೆಯಲ್ಲಿಯೇ ಅದು ಪರವಾನಗಿಯ ವಸ್ತುವಾದ ಮೇಲೆ, ದೊರೆಗಳ, ಜಹಗೀರದಾರರ, ದೊಡ್ಡ ಗೌಡಕಿಯವರ ಮನೆಗಳಲ್ಲಿ ಮಾತ್ರ ಇಂಥ ರೈಫಲುಗಳು ಗೂಟಕ್ಕೆ ತೂಗಿದವು.

ಬೋನಾಳದ ಕೆರೆಯನ್ನು ನೋಡಿದವರಿಗೆ ಇದರ ಹಿನ್ನೆಲೆ ತಿಳಿದೀತು. ಸುರಪುರದ ನಾಯಕರು ಕಟ್ಟಿಸಿದ ಈ ಕೆರೆಯನ್ನು ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡು, ಬಾಲಕ ವೆಂಕಟಪ್ಪ ನಾಯಕನಿಂದ ‘ಅಪ್ಪಾ’ ಎನಿಸಿಕೊಂಡಿದ್ದವನು ಆತ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಇಂದು ಅದು ರಕ್ಷಿತ ಧಾಮ. ಹಿಂದೆ ಅಲ್ಲಿ ಹಕ್ಕಿಗಳಿಗೆ ಚರೆ ಹಾರಿಸುವ ಬಂದೂಕು ಸಾಕಾಗುತ್ತಿತ್ತು. ರೈಫಲು ಬೇಕಾಗುತ್ತಿದ್ದುದು ಎರೆಹೊಲದಲ್ಲಿ ದೂರದಿಂದಲೇ ಕಿವಿ ನಿಮಿರಿಸುವ ಚಿಗರಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಆ ಬೇಟೆ ಮುಗಿಯಿತು. ಅದು ಮುಗಿದದ್ದೇ ಒಳ್ಳೆಯದೆಂಬ ಪಕ್ಷ ನನ್ನದು. ಆದರೆ ಗೂಟದ ಮೇಲಿನ ಬಂದೂಕು ಮಾತ್ರ ಉಳಿಯಿತು.

ಅಂಥದೊಂದು ಬಂದೂಕನ್ನು ಮಾರಬೇಕೆಂದು ಬೋನಾಳದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಸಲಹೆ ಕೇಳಿದರು. ತಂದೆ ತೀರಿಕೊಂಡಿದ್ದರು. 2019ರ ತಿದ್ದುಪಡಿಯ ಪ್ರಕಾರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮನೆಯಲ್ಲಿ ಮೂರಿದ್ದವು. ಮೂರನೆಯದು ಆಸ್ಟ್ರಿಯಾದ ಸ್ಟೈಯರ್ ಕಾರ್ಖಾನೆಯ ಮ್ಯಾನ್ಲಿಕರ್-ಶೋನವರ್, 1903ರ ಮಾದರಿ, 6.5 ಮಿಲಿಮೀಟರಿನದು. “ಸರ, ಇದಕ್ಕ ಸ್ವಲ್ಪ ಪಾಲಿಶ್ ಹಚ್ಚಿಸಿ, ನಳಗಿಗೆ ಹೊಸಾ ಬಣ್ಣಾ ಕೊಡಿಸಿದ್ರ ಚಲೋ ರೇಟ್ ಬರ್ತದಲ್ರಿ?” ಎಂದು ಅವರು ಕೇಳಿದಾಗ, “ಬ್ಯಾಡಪ್ಪ, ಒಂದಿಷ್ಟೂ ಕೈ ಹಚ್ಚಬ್ಯಾಡ” ಎಂದೆ.

ಕನ್ನಡ ಓದಿಸಿದವನಿಗೂ ಬಂದೂಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಆಯುಷ್ಯದ ಬಹುಭಾಗ ಓಲೆಗರಿಗಳೊಡನೆ ಕಳೆಯಿತು. ಲಿಪಿಕಾರನ ಕೈ ಯಾವುದು, ತರುವಾಯದವರು ಸೇರಿಸಿದ ಪ್ರಕ್ಷಿಪ್ತ ಯಾವುದು, ಹುಳು ತಿಂದ ಜಾಗದಲ್ಲಿ ಯಾರೋ ತುಂಬಿದ ಅಕ್ಷರ ಯಾವುದು ಎಂದು ಬೇರ್ಪಡಿಸುವುದೇ ಆ ಕೆಲಸ. ಹಳೆಯ ರೈಫಲನ್ನು ಪರೀಕ್ಷಿಸುವವರು ಮಾಡುವುದೂ ಅದನ್ನೇ ಎಂಬುದು ಆ ವಿದ್ಯೆ ಬಲ್ಲ ಸ್ನೇಹಿತರೊಡನೆ ಕುಳಿತಾಗ ನನಗೆ ತಿಳಿಯಿತು.

ಮೊದಲು ನೋಡುವುದು ಸಂಖ್ಯೆಯನ್ನು. ನಳಿಗೆಯ ಮೇಲಿನ ಸಂಖ್ಯೆಯೂ ಬೋಲ್ಟಿನ ಮೇಲಿನ ಸಂಖ್ಯೆಯೂ ಒಂದೇ ಆಗಿದ್ದರೆ ಅವು ಒಟ್ಟಿಗೆ ಹುಟ್ಟಿದವು. ಬೇರೆಯಾಗಿದ್ದರೆ ಎರಡು ಪ್ರತಿಗಳ ಗರಿಗಳನ್ನು ಒಂದೇ ಕಟ್ಟಿನಲ್ಲಿ ಪೋಣಿಸಿದಂತೆ. ಪಕ್ಕದಲ್ಲಿ ಆಸ್ಟ್ರಿಯಾದ ಸರಕಾರಿ ಪರೀಕ್ಷಾಲಯದ ಮುದ್ರೆ ಇರುತ್ತದೆ. ಹೆಚ್ಚಿನ ಒತ್ತಡದ ಮದ್ದನ್ನು ಈ ನಳಿಗೆ ತಾಳಿತೆಂಬುದಕ್ಕೆ ಅದೇ ಸಾಕ್ಷಿ. ಆ ಮುದ್ರೆಯ ಅಂಚು ಚೂಪಾಗಿದೆಯೇ, ಸವೆದು ಮೊಂಡಾಗಿದೆಯೇ ಎಂಬುದು ಎರಡನೆಯ ಪ್ರಶ್ನೆ. ಬಣ್ಣ ಹಾಕುವವನು ಮೊದಲು ಉಕ್ಕನ್ನು ಉಜ್ಜುತ್ತಾನೆ. ಉಜ್ಜಿದಾಗ ತುಕ್ಕಿನೊಡನೆ ಅಕ್ಷರಗಳೂ ತೆಳುವಾಗುತ್ತವೆ, ಸ್ಕ್ರೂ ಕೂರುವ ತೂತಿನ ಸುತ್ತ ತಗ್ಗು ಬೀಳುತ್ತದೆ. ಹೊಸ ಕಪ್ಪು ಎಲ್ಲ ಕಡೆಗೂ ಒಂದೇ ಸಮನಾಗಿರುತ್ತದೆ. ಮೂಲದ ಕಪ್ಪುನೀಲಿಯೋ ಕೈ ಹಿಡಿದ ಜಾಗದಲ್ಲಿ, ನಳಿಗೆಯ ತುದಿಯಲ್ಲಿ, ಬೋಲ್ಟಿನ ಚಪ್ಪಟೆ ಹಿಡಿಯ ಮೇಲೆ ಮಾತ್ರ ಮಾಸಿರುತ್ತದೆ. ಸವೆತಕ್ಕೂ ಒಂದು ನ್ಯಾಯವಿದೆ.

ಮರದ ಕಥೆ ಇನ್ನೂ ಸೂಕ್ಷ್ಮ. ಈ ಮಾದರಿಯಲ್ಲಿ ಆಕ್ರೋಟಿನ ಮರ ನಳಿಗೆಯ ತುದಿಯವರೆಗೂ ಚಾಚಿರುತ್ತದೆ. ಕಾರ್ಖಾನೆಯಲ್ಲಿ ಮರವನ್ನು ಉಕ್ಕಿಗಿಂತ ಕೂದಲೆಳೆಯಷ್ಟು ಎತ್ತರವಾಗಿ ಬಿಟ್ಟಿರುತ್ತಾರೆ. ಬೆರಳಾಡಿಸಿದಾಗ ಮರವೇ ತಗ್ಗಾಗಿ ತೋರಿದರೆ ಯಾರೋ ಮರಳುಕಾಗದ ಉಜ್ಜಿದ್ದಾರೆಂದು ತಿಳಿಯಬೇಕು. ಹಿಂಬದಿಯ ಉಕ್ಕಿನ ತಗಡಿನಲ್ಲಿ ಪುಟ್ಟ ಬಾಗಿಲು. ಅದರೊಳಗೆ ನಳಿಗೆ ಶುಚಿ ಮಾಡುವ ಕಡ್ಡಿಯ ತುಂಡುಗಳು. ಈ ಬಂದೂಕಿನಲ್ಲಿ ಅವು ಇನ್ನೂ ಇದ್ದವು! ನಾನು ಮೆಚ್ಚಿದ್ದು ಅದನ್ನೇ. ಆ ಕಾಲದ ತೋಟಾಗಳು ಸಿಡಿದಾಗ ಅವುಗಳ ಕಿಡಿಮದ್ದಿನಿಂದ ಒಂದು ಬಗೆಯ ಉಪ್ಪು ನಳಿಗೆಯೊಳಗೆ ಉಳಿಯುತ್ತಿತ್ತು. ಅದು ಗಾಳಿಯ ತೇವ ಹೀರಿ ಒಂದೆರಡು ದಿನದಲ್ಲೇ ಉಕ್ಕನ್ನು ತಿನ್ನತೊಡಗುತ್ತಿತ್ತು. ಎಣ್ಣೆ ಬಿಟ್ಟರೆ ಸಾಲದು, ಕುದಿಯುವ ನೀರನ್ನೇ ಹೊಯ್ಯಬೇಕು. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆವು. ತಿರುಪಿನ ಗೀರುಗಳು ಸ್ಫುಟವಾಗಿದ್ದವು, ತೋಟಾ ಕೂರುವ ಕಡೆ ಮಾತ್ರ ಸಣ್ಣ ಕಲೆಗಳು. ಮೊದಲ ಮಹಾಯುದ್ಧಕ್ಕಿಂತ ಮುಂಚಿನ ಬಂದೂಕು ಹೀಗಿರಬೇಕಾದರೆ, ಬೇಟೆಯಿಂದ ಬಂದ ಆ ರಾತ್ರಿಯೇ ಒಲೆಯ ಮೇಲೆ ನೀರಿಟ್ಟವರು ಯಾರೋ ಆ ಮನೆಯಲ್ಲಿದ್ದರು. ಗುಂಡು ಹಾರಿಸಿದವರ ಪಟ ಗೋಡೆಯ ಮೇಲಿದೆ, ನೀರು ಕಾಯಿಸಿದವರದು ಇಲ್ಲ.

ಇನ್ನು ಬೆಲೆಯ ಮಾತು. ಮೂಲಸ್ಥಿತಿಗೆ ಹೆಚ್ಚು ಹಣ ಕೊಡುವ ಸಂಗ್ರಾಹಕರು ಇರುವುದು ಯುರೋಪು ಅಮೆರಿಕೆಗಳಲ್ಲಿ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯ ಕೆಳಗೆ ಬಂದರೆ ಖಾಸಗಿಯವರು ಅದನ್ನು ಹೊರಕ್ಕೆ ಕಳಿಸುವಂತಿಲ್ಲ. ಇಲ್ಲಿನ ಗಿರಾಕಿ ಕೇಳುವುದು ಒಂದೇ: “ತೋಟಾ ಸಿಗ್ತಾವೇನ್ರಿ?” 6.5ರ ತೋಟಾ ಇಲ್ಲಿ ಸಿಗುವುದು ದುರ್ಲಭ. ಇಶಾಪುರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂದ .315ರ ಬಂದೂಕಿಗೆ ಸುಲಭವಾಗಿ ಸಿಗುತ್ತದೆ. ಆ .315ರ ತೋಟಾ ಮೂಲದಲ್ಲಿ ಆಸ್ಟ್ರಿಯಾದ ಹಳೆಯ ಮ್ಯಾನ್ಲಿಕರ್ ತೋಟಾವೇ. ಸೈನ್ಯದ .303 ಪ್ರಜೆಗಳ ಕೈಗೆ ಹೋಗಬಾರದೆಂಬ ಭಯದಿಂದ ಬೇರೆ ಅಳತೆಗಳು ಇಲ್ಲಿ ಬಳಕೆಗೆ ಬಂದವು. ಇದೇ ಭಯದಿಂದ 20ನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ರೈಫಲುಗಳನ್ನು ನಿಷೇಧಿಸಿದಾಗ, ಲಂಡನ್ನಿನ ಕುಶಲಿಗಳು .465, .470 ಎಂದು ಹೊಸ ಅಳತೆಗಳನ್ನೇ ಹುಟ್ಟಿಸಿದರು. ಹಲಗಲಿಯ ನೆನಪು ಲಂಡನ್ನಿನ ಅಂಗಡಿಯ ಅಳತೆಪಟ್ಟಿಯವರೆಗೂ ಹಬ್ಬಿತ್ತೆಂದರೆ ಅದು ಅತಿಶಯವಾದೀತು, ಆದರೆ ಭಯದ ಜಾತಿ ಒಂದೇ.

ಈ ಬಂದೂಕಿನ ನಳಿಗೆ ಬದಲಿಸಿ ಬೇರೆ ತೋಟಾಕ್ಕೆ ಹೊಂದಿಸಿಕೊಡುತ್ತೇನೆಂದು ಒಬ್ಬ ವ್ಯಾಪಾರಿ ಮುಂದೆ ಬಂದಿದ್ದನಂತೆ. ಶೋನವರನ ಜಾಣ್ಮೆಯಿರುವುದು ಐದು ತೋಟಾಗಳನ್ನು ಸುತ್ತಿಸುವ ಉರುಳೆಯಲ್ಲಿ. ಅದನ್ನು ಕಡೆದಿರುವುದು ಒಂದೇ ತೋಟಾದ ಮೈಯಳತೆಗೆ. ಇನ್ನೊಂದನ್ನು ಅದು ಸರಿಯಾಗಿ ನುಂಗಲಾರದು. ಕಾನೂನಿನ ಅನುಮತಿಯ ಪ್ರಶ್ನೆ ಹಾಗಿರಲಿ, ಛಂದಸ್ಸು ಗೊತ್ತಿಲ್ಲದವನು ಷಟ್ಪದಿಗೆ ಕೈ ಹಚ್ಚಿದಂತಾಗುತ್ತಿತ್ತು.

ಕೊನೆಗೆ ನಾವು ಮಾಡಿದ್ದು ಇಷ್ಟು. ಸಂಖ್ಯೆ, ಮುದ್ರೆಗಳು, ಮರದ ಬಿರುಕು, ನಳಿಗೆಯೊಳಗಿನ ಕಲೆ, ಮನೆಯವರು ಹೇಳಿದ ಮಾತು ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದು ಚಿತ್ರ ತೆಗೆಸಿದೆವು. ಒಂದು ಪ್ರತಿ ಮನೆಯಲ್ಲಿ ಉಳಿಯಿತು, ಒಂದು ಕೊಳ್ಳುವವರಿಗೆ. ತಂದೆಯವರ ಹೆಸರಿನ ಲೈಸೆನ್ಸು ಅವರೊಡನೆ ಮುಗಿದಿದ್ದರಿಂದ ಬಂದೂಕನ್ನು ನಿಯಮದಂತೆ ಮೊದಲೇ ಒಪ್ಪಿಸಿ ರಸೀದಿ ಪಡೆದಿದ್ದರು. ಮಾರುವ ಉದ್ದೇಶವನ್ನು ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು, ಕೊಳ್ಳುವವರಿಗೂ ಲೈಸೆನ್ಸಿರಬೇಕು. ಬಂದ ಬೆಲೆ ಅವರು ನೆನೆಸಿದ್ದಕ್ಕಿಂತ ಕಡಿಮೆ. ಬಣ್ಣ ಹಚ್ಚಿಸಿದ್ದರೆ ಹೆಚ್ಚು ಬರುತ್ತಿತ್ತೇನೋ ಎಂಬ ಅನುಮಾನ ಅವರ ಮನೆಯವರಿಗೆ ಇನ್ನೂ ಇದೆ. ಕಡ್ಡಿಯ ತುಂಡುಗಳನ್ನು ಆ ಪುಟ್ಟ ಬಾಗಿಲಿನೊಳಗೇ ಇಟ್ಟು ಕೊಟ್ಟರು.