ದೆವ್ವಕ್ಕೆ ಹೆಸರಿಟ್ಟವರು ಯಾರು?

ಡ್ರಾಕುಲಾ ಎಲ್ಲರಿಗೂ ಗೊತ್ತು. ಬ್ಲಾಕುಲಾ ಎಷ್ಟು ಜನಕ್ಕೆ ಗೊತ್ತು ಗೆಳೆಯರೇ? 1972ರ ಅಮೆರಿಕದ ಸಿನಿಮಾ. ನಿರ್ದೇಶಕ ವಿಲಿಯಂ ಕ್ರೇನ್, ಕಪ್ಪು ಜನಾಂಗದವರು. ಹೆಸರು ಕೇಳಿದ್ರೆ ನಗು ಬರುತ್ತೆ. ಕಥೆ ಕೇಳಿ.

1780. ಆಫ್ರಿಕಾದ ರಾಜಕುಮಾರ ಮಾಮುವಾಲ್ಡೆ ಗುಲಾಮರ ವ್ಯಾಪಾರ ನಿಲ್ಲಿಸೋಕೆ ಬೆಂಬಲ ಕೇಳ್ಕೊಂಡು ಡ್ರಾಕುಲಾ ಮನೆಗೆ ಹೋಗ್ತಾನೆ. ಧಣಿ ಅವನ ಹೆಂಡತಿ ಮೇಲೇ ಕಣ್ಣು ಹಾಕ್ತಾನೆ. ತಿರುಗಿಬಿದ್ದವನನ್ನು ಕಚ್ಚಿ, 'ಬ್ಲಾಕುಲಾ' ಅಂತ ಹೆಸರಿಟ್ಟು, ಶವಪೆಟ್ಟಿಗೆಯಲ್ಲಿ ಬೀಗ ಹಾಕ್ತಾನೆ. ಗುಲಾಮರಿಗೆ ಮಾಡಿದ್ದೂ ಇದೇ: ಹೆಸರು ಕಿತ್ಕೊಳ್ಳೋದು, ಸರಪಳಿ ಹಾಕೋದು. ಈ ಹಿನ್ನೆಲೆ ಸ್ಟುಡಿಯೋ ಕೊಟ್ಟ ಭಿಕ್ಷೆಯಲ್ಲ. ನಾಯಕನಟ ವಿಲಿಯಂ ಮಾರ್ಷಲ್ ಪಟ್ಟು ಹಿಡಿದು ಸೇರಿಸಿದ್ದು.

ಅದಕ್ಕೂ ಮುಂಚೆ, 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ನೋಡಿ. ನಿರ್ದೇಶಕ ಬಿಳಿಯ, ನಾಯಕ ಕಪ್ಪು ನಟ ಡ್ವೇನ್ ಜೋನ್ಸ್. ರಾತ್ರಿಯಿಡೀ ಹೆಣಗಳ ಜೊತೆ ಹೋರಾಡಿ ಬದುಕಿದವನನ್ನು ಬೆಳಿಗ್ಗೆ ಕೋವಿ ಹಿಡಿದು ಬಂದ ಬಿಳಿಯರು ಕೊಲ್ತಾರೆ. ಅದೇ ಜೋನ್ಸ್ 1973ರಲ್ಲಿ ಬಿಲ್ ಗನ್ನರ 'ಗಾಂಜಾ ಅಂಡ್ ಹೆಸ್'ನಲ್ಲಿ ರಕ್ತದ ಚಟ ಹತ್ತಿದ ವಿದ್ವಾಂಸ. ನಿರ್ಮಾಪಕರಿಗೆ ಬೇಕಿದ್ದು ಇನ್ನೊಂದು ಬ್ಲಾಕುಲಾ. ಗನ್ ಕೊಟ್ಟಿದ್ದು ಬೇರೆಯೇ. ಅದನ್ನೂ ಕತ್ತರಿಸಿ, ಬೇರೆ ಹೆಸರಿಟ್ಟು ಮಾರಿದರು!

2025ರ 'ಸಿನ್ನರ್ಸ್'ನಲ್ಲಿ, 1932ರ ಮಿಸಿಸಿಪ್ಪಿಯಲ್ಲಿ, ರಕ್ತಪಿಶಾಚಿಗೆ ರಕ್ತ ಸಾಲದು, ಕಪ್ಪು ಹುಡುಗನ ಹಾಡೂ ಬೇಕು. ದುಡಿಮೆ ಹೀರಿದವರು ಈಗ ಕಲೆಯನ್ನೂ ಹೀರೋಕೆ ಬಂದವ್ರೆ.

ಬ್ಲಾಕುಲಾ ತೆರೆಗೆ ಬಂದ ಅದೇ 1972ರಲ್ಲಿ ಮುಂಬಯಿಯಲ್ಲಿ ನಮ್ಮವರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ 'ದಲಿತ ಪ್ಯಾಂಥರ್ಸ್' ಕಟ್ಟಿದರು. ಊರು ಇಟ್ಟ ಹೆಸರಲ್ಲ, ತಾವೇ ಇಟ್ಟುಕೊಂಡ ಹೆಸರು. ಮುಂದಿನ ಸಲ ತೆರೆ ಮೇಲೆ ದೆವ್ವ ಕಂಡಾಗ ಕೇಳಿ: ಇದನ್ನ ದೆವ್ವ ಮಾಡಿದ್ದು ಯಾರು?

ಜೈ ಭೀಮ್.