ಬೇಗಂ ರೊಕೆಯಾ ಬರೆದ ಇಂಗ್ಲಿಷ್ ಕಥೆ ಮತ್ತು ನಮ್ಮ ಮಕ್ಕಳು



ಪವಿತ್ರ ಕುರ್‌ಆನಿನ ಮೊದಲ ದಿವ್ಯವಾಣಿಯಲ್ಲಿ ಓದಿನ ಜೊತೆಗೇ ಲೇಖನಿಯ ಪ್ರಸ್ತಾಪವೂ ಇದೆ. ಆದರೆ ಇಂಗ್ಲಿಷ್ ಕಲಿಸುವಾಗ ನಾವು ಮಕ್ಕಳಿಗೆ ಪಾಠ ಓದಿಸುತ್ತೇವೆ, ನೋಟ್ಸ್ ಬರೆಸುತ್ತೇವೆ, ಉತ್ತರ ಬಾಯಿಪಾಠ ಮಾಡಿಸುತ್ತೇವೆ. ತಮ್ಮದೇ ಒಂದು ಕಥೆ ಬರೆಯಲು ಮಾತ್ರ ಬಿಡುವುದಿಲ್ಲ. "ಭಾಷೆಯೇ ಬಂದಿಲ್ಲ, ಕಥೆ ಹೇಗೆ ಬರೆದಾರು?" ಎನ್ನುತ್ತೇವೆ. ಈ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಉತ್ತರವಿದೆ.

ಬೇಗಂ ರೊಕೆಯಾ ಸಖಾವತ್ ಹುಸೇನ್ ಅವರು 1880ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ರಂಗಪುರ ಜಿಲ್ಲೆಯ ಪೈರಾಬಂದ್ ಗ್ರಾಮದಲ್ಲಿ ಜಮೀನ್ದಾರ ಮನೆತನದಲ್ಲಿ ಜನಿಸಿದರು. ಗಂಡುಮಕ್ಕಳು ಕಲ್ಕತ್ತೆಯಲ್ಲಿ ಓದಿದರು. ಹೆಣ್ಣುಮಕ್ಕಳಿಗೆ ಮನೆಯಲ್ಲೇ ಅರಬಿ, ಉರ್ದು. ಬಂಗಾಳಿ, ಇಂಗ್ಲಿಷ್ ನಿಷಿದ್ಧ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ಇಬ್ರಾಹೀಂ ಸಾಬಿರ್ ಮೇಣದಬತ್ತಿಯ ಬೆಳಕಿನಲ್ಲಿ ತಂಗಿಗೆ ಇಂಗ್ಲಿಷ್ ಕಲಿಸಿದರು. ಮದುವೆಯ ನಂತರ ಪತಿ ಸಯ್ಯದ್ ಸಖಾವತ್ ಹುಸೇನ್ ಅದೇ ಕಲಿಕೆಯನ್ನು ಮುಂದುವರಿಸಿದರು.

ಒಮ್ಮೆ ಪತಿ ಪ್ರವಾಸದಲ್ಲಿದ್ದಾಗ ರೊಕೆಯಾ ಹೊತ್ತು ಕಳೆಯಲೆಂದು ಇಂಗ್ಲಿಷಿನಲ್ಲಿ ಒಂದು ಕಥೆ ಬರೆದರು. ಅದೇ 'ಸುಲ್ತಾನಾಸ್ ಡ್ರೀಮ್'. ಹಿಂದಿರುಗಿದ ಪತಿ ನಿಂತಲ್ಲೇ ಓದಿ ಮೆಚ್ಚಿದರು. ಕಮಲಾ ಸತ್ಯನಾಥನ್ ಸಂಪಾದಕತ್ವದ ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' 1905ರಲ್ಲಿ ಅದನ್ನು ಪ್ರಕಟಿಸಿತು. 1908ರಲ್ಲಿ ಅದು ಪುಸ್ತಕವಾಯಿತು.

ಆ ಕಥೆಯಲ್ಲಿ ಏನಿದೆ ನೋಡಿ. ಪುರುಷರು ಮರ್ದಾನಾದ ಒಳಗಿದ್ದಾರೆ, ಸ್ತ್ರೀಯರು ರಾಜ್ಯವಾಳುತ್ತಾರೆ. ಬಿಸಿಲಿನ ಶಾಖದಿಂದ ಅಡುಗೆಯಾಗುತ್ತದೆ, ಅದೇ ಶಾಖದಿಂದ ಶತ್ರುಸೈನ್ಯ ಓಡುತ್ತದೆ. ಸ್ತ್ರೀಯರ ವಿಶ್ವವಿದ್ಯಾಲಯ ಮೋಡದಿಂದ ನೀರು ಪಡೆಯುತ್ತದೆ. ರೊಕೆಯಾ ಇಂಗ್ಲೆಂಡಿನ ಮಂಜನ್ನೋ ಹೂವನ್ನೋ ವರ್ಣಿಸಲಿಲ್ಲ. ತಾವು ಬೆಳೆದ ಜನಾನಾವನ್ನೇ ತಿರುಗಿಸಿಟ್ಟರು. ಭಾಷೆ ಹೊರಗಿನದು, ವಿಷಯ ಮನೆಯದು. ಹೇಳಲೇಬೇಕಾದ ಮಾತು ಇದ್ದುದರಿಂದ ಭಾಷೆ ಅವರ ಕೈಗೆ ಬಂತು.

ಅವರು ಆಗ ಮಗುವಲ್ಲ ನಿಜ. ಆದರೆ ಈ ಮಾತು ನಮ್ಮ ತರಗತಿಗೂ ಸಲ್ಲುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. ಉರ್ದು ಶಾಲೆಯ ಮಗುವಿಗೆ ಅದು ಕನ್ನಡದ ಜೊತೆಗೆ ಕಲಿಯಬೇಕಾದ ಮತ್ತೊಂದು ಭಾಷೆ. ಆದ್ದರಿಂದ ನಾನಿಯ ಮನೆ, ಈದ್‌ನ ಹೊಸ ಬಟ್ಟೆ, ಕಳೆದುಹೋದ ಕುರಿಮರಿ, ಹೀಗೆ ತನಗೆ ಗೊತ್ತಿರುವುದನ್ನು ಮಗು ಮೊದಲು ಉರ್ದುವಿನಲ್ಲೋ ಕನ್ನಡದಲ್ಲೋ ಬಾಯಲ್ಲಿ ಹೇಳಲಿ. ಆಮೇಲೆ ನಾಲ್ಕೇ ವಾಕ್ಯ ಇಂಗ್ಲಿಷಿನಲ್ಲಿ ಬರೆಯಲಿ. ಗೊತ್ತಿಲ್ಲದ ಪದವನ್ನು ಕೇಳಿದಾಗ ಕೊಡೋಣ. ಕಥೆ ಪೂರ್ತಿಯಾಗುವವರೆಗೆ ಕೆಂಪು ಶಾಯಿ ಮುಟ್ಟುವುದು ಬೇಡ. ವ್ಯಾಕರಣ ತಿದ್ದಬಹುದು, ಬತ್ತಿದ ಉತ್ಸಾಹವನ್ನು ತಿದ್ದಲಾಗದು.

ರೊಕೆಯಾ 1909ರಲ್ಲಿ ಭಾಗಲ್ಪುರದಲ್ಲಿ ಐವರು ಬಾಲಕಿಯರೊಂದಿಗೆ ಪತಿಯ ಹೆಸರಿನಲ್ಲಿ ಶಾಲೆ ತೆರೆದರು. 1911ರಲ್ಲಿ ಅದನ್ನು ಕಲ್ಕತ್ತೆಯಲ್ಲಿ ಮತ್ತೆ ಆರಂಭಿಸಿದರು. 1932ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿಯೇ ದುಡಿದರು. ಸಖಾವತ್ ಮೆಮೋರಿಯಲ್ ಶಾಲೆ ಇಂದಿಗೂ ಇದೆ.

ತಂಗಿಗೆ ಅಕ್ಷರ ಕಲಿಸಿದ ಆ ಅಣ್ಣನಂತೆ, ನಿಂತಲ್ಲೇ ಓದಿ ಮೆಚ್ಚಿದ ಆ ಪತಿಯಂತೆ, ಪ್ರತಿ ಮಗುವಿಗೂ ಒಬ್ಬ ಓದುಗ ಬೇಕು. ಪೋಷಕರೇ, ಇಂದು ನಿಮ್ಮ ಮಗುವಿನ ಅಂಕಪಟ್ಟಿಗಿಂತ ಮೊದಲು ಅದು ಬರೆದ ಕಥೆ ಕೇಳಿ. ಅಲ್ಲಾಹನು ನಮ್ಮ ಮಕ್ಕಳ ಇಲ್ಮಿನಲ್ಲಿ ಬರಕತ್ ನೀಡಲಿ. ಆಮೀನ್.